ನಾಯಿಗೆ ಹಸಿಮಾಂಸವೇ ವಿಹಿತವೆ?

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಪ್ರಯಾಣ ಮಾಡುವವರು ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿನ್ನುವುದು ವಾಡಿಕೆ. ಹೋಟೆಲಿನ ಬಾಗಿಲಲ್ಲಿ ಮೂರು ನಾಲ್ಕು ನಾಯಿಗಳು ಮಳೆಗೆ ಮೈ ಮುದುಡಿಕೊಂಡು ಕುಳಿತಿರುತ್ತವೆ. ಯಾರಾದರೂ ದೋಸೆಯ ತುಂಡನ್ನು ಎಸೆದರೆ ಅಗಿಯುವ ಗೋಜಿಗೂ ಹೋಗದೆ ನುಂಗಿಬಿಡುತ್ತವೆ. ಅಕ್ಕಿಯಿಂದಾದ ಈ ತಿನಿಸು ತಮ್ಮ ಜಾತಿಗೆ ವಿಹಿತವೋ ಅಲ್ಲವೋ ಎಂಬ ಜಿಜ್ಞಾಸೆ ಅವಕ್ಕೆ ಇದ್ದಂತೆ ತೋರುವುದಿಲ್ಲ.

ಆ ಜಿಜ್ಞಾಸೆ ಈಗ ಮನುಷ್ಯರಲ್ಲಿ ಹುಟ್ಟಿದೆ. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯು ಕೊಟ್ಟಿಗೆಹಾರದ ಸಮೀಪದ ಒಂದು ಸಣ್ಣ ಕಾಫಿತೋಟದಲ್ಲಿದೆ. ತೋಟದ ಕಾವಲಿಗೆಂದು ಸಾಕಿದ ನಾಯಿಗೆ ಅವನು ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಗಂಜಿ ಅನ್ನಗಳನ್ನು ನಿಲ್ಲಿಸಿ ಬರಿಯ ಹಸಿಮಾಂಸವನ್ನು ಹಾಕತೊಡಗಿದನು. ವಾರದ ದಿನಗಳಲ್ಲಿ ಅಂಗಡಿಯಿಂದ ತಂದ ಕೋಳಿಮಾಂಸ. ಭಾನುವಾರ ಕುರಿಯ ಶ್ವಾಸಕೋಶ, ಕರುಳು. ಮೂರು ತಿಂಗಳಾದ ಮೇಲೆ ನಮ್ಮಲ್ಲಿಗೆ ಬಂದು, "ಸಾರ್, ಒಮ್ಮೆ ಬಂದು ನೋಡಿ. ರೋಮ ಹೇಗೆ ಮಿಂಚುತ್ತಿದೆ, ಮೈ ಹೇಗೆ ಗಟ್ಟಿಯಾಗಿದೆ! ನಾಯಿ ಎಂದರೆ ತೋಳವೇ ಅಲ್ಲವೆ? ತೋಳಕ್ಕೆ ಕಾಡಿನಲ್ಲಿ ಗಂಜಿ ಕಾಯಿಸಿ ಕೊಡುವವರು ಯಾರಿದ್ದಾರೆ?" ಎಂದು ಕೇಳಿದನು.

ಭೌತಶಾಸ್ತ್ರದ ಅಧ್ಯಾಪಕರಿಗೆ ನಾಯಿಯ ಊಟದ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಹುಡುಗನ ಮಾತಿನಲ್ಲಿ ಒಂದು ಪ್ರಯೋಗವೂ ಒಂದು ತರ್ಕವೂ ಇದ್ದವು. ಎರಡರಲ್ಲಿಯೂ ದೋಷವಿತ್ತು. ಅದನ್ನು ತೋರಿಸಿಕೊಡುವುದು ನಮ್ಮ ಕೆಲಸವೇ ಸರಿ.

ಮೊದಲು ತರ್ಕವನ್ನು ನೋಡೋಣ. ಅದು ಅವನದೇ ಅಲ್ಲ. ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟರು 1993ರಲ್ಲಿ ಪ್ರಕಟಿಸಿದ ಪುಸ್ತಕವೊಂದರಿಂದ ಈ ಪಂಥವು ಬಲಗೊಂಡು ದೇಶದೇಶಗಳಿಗೆ ಹಬ್ಬಿತು. ನಾಯಿಯು ತೋಳದ ಸಂತತಿ. ತೋಳವು ಹಸಿಮಾಂಸ ತಿನ್ನುತ್ತದೆ. ಆದುದರಿಂದ ನಾಯಿಗೂ ಹಸಿಮಾಂಸವೇ ತಕ್ಕದ್ದು ಎಂಬುದು ಅದರ ಸಾರ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸ್ಥಳೀಯ ಸಾಕ್ಷಿಯನ್ನು ಸೇರಿಸುತ್ತಾರೆ: ಘಟ್ಟದ ಕಾಡುಗಳ ಸೀಳುನಾಯಿ. ಆದರೆ ಈ ಸಾಕ್ಷಿ ನಿಲ್ಲುವುದಿಲ್ಲ. ಹೆಸರಿನಲ್ಲಿ ನಾಯಿ ಎಂದಿದ್ದರೂ ಸೀಳುನಾಯಿಯು ನಮ್ಮ ಮನೆಯ ನಾಯಿಯ ಪೂರ್ವಜನಲ್ಲ. ಅದರ ಕುಲವೇ ಬೇರೆ. ಬಾಯಿ ತೆರೆದು ಹಲ್ಲು ಎಣಿಸಿದರೆ ನಾಯಿಗೆ 42, ಸೀಳುನಾಯಿಗೆ 40. ಅದಕ್ಕೆ ಕಡಿಮೆಯಾಗಿರುವುದು ಕೆಳದವಡೆಯ ಕೊನೆಯ ಎರಡು ಅರೆಯುವ ಹಲ್ಲುಗಳು. ಮಾಂಸವನ್ನು ಸೀಳುವ ಜೀವನಕ್ಕೆ ಅದು ನಾಯಿಗಿಂತ ಹೆಚ್ಚು ಹೊಂದಿಕೊಂಡಿದೆ. (ಹಲ್ಲು ಎಣಿಸುವ ಸಾಹಸವನ್ನು ವಿದ್ಯಾರ್ಥಿಗಳು ಸ್ವತಃ ಮಾಡುವುದು ಬೇಡ.)

ತೋಳದ ಮಾತಾದರೋ ನಿಜ. ನಾಯಿಯು ಬೂದುತೋಳದ ವಂಶದಿಂದಲೇ ಬಂದದ್ದು. ಆದರೆ ಬಂದ ಮೇಲೆ ಅದು ಸುಮ್ಮನೆ ಇರಲಿಲ್ಲ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 12 ತೋಳಗಳ ಮತ್ತು 60 ನಾಯಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿರುತ್ತದೆ. ನಾಯಿಗಳಲ್ಲಿ ನಾಲ್ಕರಿಂದ 30ರ ವರೆಗೆ ಪ್ರತಿಗಳು ಕಂಡುಬಂದವು. ಮನುಷ್ಯನು ಬೇಸಾಯ ಹಿಡಿದು ಅನ್ನವನ್ನು ಬೇಯಿಸಿ ಉಂಡನು. ಅವನ ಎಂಜಲೆಲೆಯ ಬಳಿ ಸಾವಿರಾರು ವರ್ಷ ಕಾದು ಕುಳಿತ ಪ್ರಾಣಿಯು ಆ ಊಟಕ್ಕೆ ತನ್ನ ಜಠರವನ್ನು ತಿದ್ದಿಕೊಂಡಿತು. ಅನಂತರದ ಸಂಶೋಧನೆಗಳಲ್ಲಿ, ಬೇಸಾಯವು ಹಳೆಯದಾದ ನಾಡುಗಳ ನಾಯಿಗಳಲ್ಲಿ ಈ ಪ್ರತಿಗಳು ಹೆಚ್ಚು, ಹಿಮಪ್ರದೇಶದ ನಾಯಿಗಳಲ್ಲಿಯೂ ಆಸ್ಟ್ರೇಲಿಯದ ಡಿಂಗೋದಲ್ಲಿಯೂ ಬಹಳ ಕಡಿಮೆ ಎಂದು ಗೊತ್ತಾಯಿತು. ಕೊಟ್ಟಿಗೆಹಾರದ ಹೋಟೆಲಿನ ಮುಂದಿನ ನಾಯಿಯು ದೋಸೆಗೆ ಬಾಯ್ದೆರೆಯುವುದು ಬರಿಯ ಹಸಿವೆಯ ದೈನ್ಯವಲ್ಲ. ಅದನ್ನು ಅರಗಿಸಿಕೊಳ್ಳುವ ಅಧಿಕಾರಪತ್ರವು ಅದರ ಜೀವಕೋಶಗಳಲ್ಲಿಯೇ ಬರೆದಿದೆ.

ಇನ್ನು ಲೆಕ್ಕ. ನಾವು ಹುಡುಗನನ್ನು ಕೇಳಿದ ಮೊದಲನೆಯ ಪ್ರಶ್ನೆ, "ನಾಯಿಯ ತೂಕವೆಷ್ಟು?" ಎಂದು. ಅವನಿಗೆ ತಿಳಿಯದು. ತೋಟದಲ್ಲಿ ಸಂಜೆ ಕೊಯ್ದ ಕಾಫಿಹಣ್ಣನ್ನು ತೂಗುವ ತಕ್ಕಡಿಯಿದೆ. ಪ್ರತಿ ಕೂಲಿಯವರ ಹಣ್ಣನ್ನು ಗ್ರಾಮು ಬಿಡದೆ ತೂಗುತ್ತಾರೆ. ನಾಯಿಯನ್ನು ಮಾತ್ರ ಯಾರೂ ತೂಗಿರಲಿಲ್ಲ. ಅದನ್ನೊಂದು ಗೋಣಿಚೀಲದಲ್ಲಿ ಕೂರಿಸಿ ತೂಗಿದಾಗ, ಚೀಲವನ್ನು ಕಳೆದು 15 ಕಿಲೋಗ್ರಾಂ ಬಂದಿತು.

1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯು, ಪ್ರಾಣಿಗಳು ವಿಶ್ರಾಂತಿಯಲ್ಲಿ ಖರ್ಚುಮಾಡುವ ಶಕ್ತಿಯು ಅವುಗಳ ತೂಕದೊಂದಿಗೆ ನೇರವಾಗಿ ಹೆಚ್ಚದೆ ತೂಕದ ಮುಕ್ಕಾಲನೆಯ ಘಾತದೊಂದಿಗೆ ಹೆಚ್ಚುತ್ತದೆಂದು ತೋರಿಸಿದನು. 15ರ ಮುಕ್ಕಾಲನೆಯ ಘಾತವು ಸುಮಾರು 7.6. ಅದನ್ನು 70ರಿಂದ ಗುಣಿಸಿದರೆ ದಿನಕ್ಕೆ ಸುಮಾರು 530 ಕಿಲೋಕ್ಯಾಲೊರಿ. ಓಡಾಡುವ ನಾಯಿಗೆ ಇದರ ಒಂದೂವರೆಗಿಂತ ತುಸು ಹೆಚ್ಚು, ಅಂದರೆ 850 ಎಂದಿಟ್ಟುಕೊಳ್ಳೋಣ. ಈ ಶಕ್ತಿಯನ್ನು ಇಡೀ ದಿನದ ಸೆಕೆಂಡುಗಳಿಗೆ ಹಂಚಿದರೆ 41 ವ್ಯಾಟು ಬರುತ್ತದೆ. ಹಳೆಯ ಕಾಲದ 40 ವ್ಯಾಟಿನ ಬಲ್ಬು ನಾಲ್ಕು ಕಾಲುಗಳ ಮೇಲೆ ನಿಂತು ಬೊಗಳುತ್ತಿದೆಯೆಂದು ಭಾವಿಸಬಹುದು.

ಈ ಬಲ್ಬನ್ನು ಕೊಬ್ಬಿಲ್ಲದ ಕೋಳಿಮಾಂಸದಿಂದಲೇ ಉರಿಸಬೇಕಾದರೆ ದಿನಕ್ಕೆ ಸುಮಾರು 700 ಗ್ರಾಂ ಬೇಕು. ಅಷ್ಟು ಮಾಂಸದಲ್ಲಿ ಕ್ಯಾಲ್ಸಿಯಂ 100 ಮಿಲಿಗ್ರಾಮಿಗಿಂತಲೂ ಕಡಿಮೆ. ಅಂತಹ ನಾಯಿಗೆ ಬೇಕಾದದ್ದು ಸಾವಿರದ ಸುಮಾರು. ರಂಜಕವಾದರೋ 1400 ಮಿಲಿಗ್ರಾಮಿನಷ್ಟು ದೊರೆಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಮಿನ ಮಟ್ಟ ಕುಸಿಯಗೊಡದಂತೆ ಶರೀರವು ತನ್ನ ಮೂಳೆಗಳಿಂದಲೇ ಅದನ್ನು ಸಾಲವಾಗಿ ತೆಗೆಯುತ್ತದೆ. ಬೆಳೆಯುವ ಮರಿಗಳಲ್ಲಿ ಈ ಸಾಲವು ಬೇಗನೆ ಬಯಲಾಗುತ್ತದೆ: ಕಾಲುಗಳು ಬಾಗುತ್ತವೆ, ಮೂಳೆ ಮುರಿಯುತ್ತದೆ. ಬೆಳೆದ ನಾಯಿಯಲ್ಲಿ ರೋಮ ಮಿಂಚುತ್ತಿರುವಾಗಲೇ ಒಳಗೆ ಮೂಳೆ ಸವೆಯುತ್ತಿರಬಹುದು. ಹೊರಗಿನ ಕಣ್ಣಿಗೆ ಅದು ಕಾಣದು.

ಹಸಿಮಾಂಸದ ಪಕ್ಷದವರು ಇಲ್ಲಿ ಒಂದು ನ್ಯಾಯವಾದ ಉತ್ತರವನ್ನು ಕೊಡುತ್ತಾರೆ. ತೋಳವು ಮೂಳೆಯನ್ನೂ ತಿನ್ನುತ್ತದೆ. ನಾವೂ ಹಸಿ ಮೂಳೆಯನ್ನು ಸೇರಿಸುತ್ತೇವೆ ಎನ್ನುತ್ತಾರೆ. ಮೂಳೆಯಲ್ಲಿ ಕ್ಯಾಲ್ಸಿಯಂ ಇರುವುದು ನಿಜವೇ. ಎಷ್ಟು ಮೂಳೆಗೆ ಎಷ್ಟು ಮಾಂಸ ಎಂಬುದೇ ತೊಡಕು. 2011ರಲ್ಲಿ ಜರ್ಮನಿಯ ಸಂಶೋಧಕರು ಮನೆಮನೆಗಳಲ್ಲಿ ನಾಯಿಗಳಿಗೆ ಹಾಕುತ್ತಿದ್ದ ಇಂತಹ 95 ಆಹಾರಕ್ರಮಗಳನ್ನು ಲೆಕ್ಕಹಾಕಿ ನೋಡಿದಾಗ ಶೇಕಡ 60ರಷ್ಟರಲ್ಲಿ ಯಾವುದಾದರೊಂದು ಪೋಷಕಾಂಶದ ಏರುಪೇರು ಕಂಡುಬಂದಿತು. ಸಿಕ್ಕಿದ್ದನ್ನು ಹಾಕುವ ನಮ್ಮ ಮನೆಗಳ ಪಾಡೇನು?

ಹಾಗೆಂದು ಗಂಜಿಯ ಪಕ್ಷವನ್ನು ನಾವು ವಹಿಸುತ್ತಿಲ್ಲ. ಮಲೆನಾಡಿನ ಬಹುಮಂದಿ ನಾಯಿಗೆ ಹಾಕುವ ಬಿಳಿ ಅನ್ನ ಮತ್ತು ಗಂಜಿತಿಳಿಯಲ್ಲಿಯೂ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನು ಸಾಲದು, ಕೊಬ್ಬು ಸಾಲದು. ಮೇಲೆ ಸುರಿಯುವ ಸಾರಿನಲ್ಲಿ ಈರುಳ್ಳಿ ಇರುತ್ತದೆ. ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುವ ವಸ್ತು. ನಮ್ಮ ಬಯಲುಸೀಮೆಯ ರಾಗಿಯಲ್ಲಾದರೆ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೆಲ್ಲವೂ ಮೈಗೆ ಹತ್ತದಿದ್ದರೂ ಅಕ್ಕಿಗಿಂತ ಎಷ್ಟೋ ಮೇಲು.

ಈಗ ಪ್ರಯೋಗದ ದೋಷಕ್ಕೆ ಬರೋಣ. ಹುಡುಗನು ಬದಲಾಯಿಸಿದ್ದು ಒಂದನ್ನಲ್ಲ, ಎರಡನ್ನು. ಮೊದಲು ಮಾಂಸವೇ ಇರಲಿಲ್ಲ, ಈಗ ಬಂದಿತು. ಮೊದಲು ಬೇಯಿಸಿದ ಆಹಾರವಿತ್ತು, ಈಗ ಹಸಿಯದು ಬಂದಿತು. ರೋಮವು ಮಿಂಚಿದ್ದು ಮಾಂಸದ ಪ್ರೋಟೀನು ಕೊಬ್ಬುಗಳಿಂದಲೋ, ಅದು ಹಸಿಯಾಗಿದ್ದುದರಿಂದಲೋ? ಪ್ರಯೋಗಶಾಲೆಯಲ್ಲಿ ಲೋಲಕದ ದಾರದ ಉದ್ದವನ್ನೂ ಗುಂಡನ್ನೂ ಒಟ್ಟಿಗೆ ಬದಲಾಯಿಸಿ, ಕಾಲಾವಧಿ ಬದಲಾದದ್ದು ಗುಂಡಿನಿಂದ ಎಂದು ಬರೆದ ವಿದ್ಯಾರ್ಥಿಗೆ ನಾವು ಎಷ್ಟು ಅಂಕ ಕೊಡುತ್ತೇವೆ? ಅಷ್ಟೇ ಮಾಂಸವನ್ನು ಬೇಯಿಸಿ ಹಾಕಿ ನೋಡಬೇಕಾಗಿತ್ತು. ಈ ಮಾತಿಗೆ ಹುಡುಗನಲ್ಲಿ ಉತ್ತರವಿರಲಿಲ್ಲ.

ಆದರೆ ನಮ್ಮ ಚಿಂತೆಗೆ ನಿಜವಾದ ಕಾರಣ ನಾಯಿಯಲ್ಲ. ಅವನ ಮನೆಯಲ್ಲಿ ನಾಲ್ಕು ವರ್ಷದ ತಂಗಿಯಿದ್ದಾಳೆ. ತೋಟದ ಲೈನುಮನೆಗಳ ಮಕ್ಕಳೂ ಆ ನಾಯಿಯ ಕೊರಳು ತಬ್ಬಿಕೊಂಡು ಆಡುತ್ತಾರೆ.

ಕುರಿಯ ಶ್ವಾಸಕೋಶ, ಪಿತ್ತಜನಕಾಂಗಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳಿರುತ್ತವೆ. ಅವು ಒಂದು ಲಾಡಿಹುಳುವಿನ ಎಳೆಯ ರೂಪಗಳ ಗೂಡು. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಬೆಳೆದು ಹುಳುಗಳಾಗುತ್ತವೆ. ಒಂದೊಂದು ಹುಳು ಅಕ್ಕಿಕಾಳಿನಷ್ಟೂ ಉದ್ದವಿಲ್ಲ; ನಾಯಿಗೆ ಅದರಿಂದ ಹೇಳಿಕೊಳ್ಳುವಂತಹ ಬಾಧೆಯಿಲ್ಲ. ಮೊಟ್ಟೆಗಳು ಮಲದೊಡನೆ ಹೊರಬಿದ್ದು ರೋಮಕ್ಕೂ ಹುಲ್ಲಿಗೂ ಅಂಟುತ್ತವೆ. ತಬ್ಬಿಕೊಂಡ ಮಗುವಿನ ಕೈಯಿಂದ ಬಾಯಿಗೆ ಒಂದು ಮೊಟ್ಟೆ ಹೋದರೂ ಸಾಕು, ಆ ಗುಳ್ಳೆಯು ಮಗುವಿನ ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ಇದಕ್ಕೆ ಹೈಡಾಟಿಡ್ ರೋಗವೆಂದು ಹೆಸರು, ಭಾರತದಲ್ಲಿಯೂ ಇದೆ. ಹತ್ತೊಂಬತ್ತನೆಯ ಶತಮಾನದ ಐಸ್‌ಲೆಂಡಿನಲ್ಲಿ ಇದು ಮನೆಮನೆಯ ಪಿಡುಗಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿಜ್ಞಾನಿ ಇದರ ದಾರಿಯನ್ನು ಜನರಿಗೆ ವಿವರಿಸಿ ಒಂದು ಕಿರುಪುಸ್ತಿಕೆಯನ್ನು ಬರೆದನು. ಕುರಿಯ ಒಳಗಿನ ಅಂಗಗಳನ್ನು ನಾಯಿಗೆ ಹಾಕುವುದು ನಿಂತಿತು. ಕಾಲಕ್ರಮದಲ್ಲಿ ರೋಗವೂ ನಿಂತಿತು. ನ್ಯೂಜಿಲೆಂಡು 1959ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿ, 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡಿತು.

ಕೋಳಿಮಾಂಸದಲ್ಲಿ ಈ ಹುಳುವಿಲ್ಲ, ಆದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಗಳುಂಟು. ಕೆನಡಾದಲ್ಲಿ 2002ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ ಹಸಿಕೋಳಿಯ ಹತ್ತು ಆಹಾರಗಳ ಪೈಕಿ ಎಂಟರಲ್ಲಿಯೂ, ಅದನ್ನು ತಿಂದ ಹತ್ತು ನಾಯಿಗಳ ಪೈಕಿ ಮೂರರ ಮಲದಲ್ಲಿಯೂ ಅವು ಸಿಕ್ಕಿದವು. ನಾಯಿಗಳು ಆರೋಗ್ಯವಾಗಿಯೇ ಕಾಣುತ್ತ ಇದನ್ನು ಹರಡಬಲ್ಲವು. ಶೀತಪೆಟ್ಟಿಗೆಯಲ್ಲಿಟ್ಟರೆ ಸಾಲದೆ ಎಂದು ಕೇಳುತ್ತಾರೆ. ಚಳಿಯು ಇವುಗಳ ವೃದ್ಧಿಯನ್ನು ತಡೆಯುತ್ತದೆಯೇ ಹೊರತು ಇವನ್ನು ಪೂರ್ತಿ ಕೊಲ್ಲುವುದಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿಯ ಅಂಚಿನ ಈ ಊರುಗಳಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ತು ಇಲ್ಲದಿರುವುದು ಯಾರಿಗೆ ತಿಳಿಯದು? ಪೆಟ್ಟಿಗೆಯ ಚಳಿ ಇಳಿದ ಮೇಲೆ ಬ್ಯಾಕ್ಟೀರಿಯವೊಂದು ಗಂಟೆಗೊಮ್ಮೆ ಇಮ್ಮಡಿಯಾದರೆ ಒಂದು ದಿನದಲ್ಲಿ ಎಷ್ಟಾಗುತ್ತದೆಂದು ವಿದ್ಯಾರ್ಥಿಗಳು ಲೆಕ್ಕ ಮಾಡಲಿ. ಒಂದು ಕೋಟಿ ಅರುವತ್ತೇಳು ಲಕ್ಷವನ್ನು ಮೀರುತ್ತದೆ.

ಇದಕ್ಕೆ ಪರಿಹಾರವು ಬಹಳ ಹಳೆಯದು, ಬಹಳ ಅಗ್ಗದ್ದು: ಕುದಿಯುವ ನೀರು. ಸಾವಿರ ಮೀಟರಿನ ಎತ್ತರದಲ್ಲಿ ವಾಯುಭಾರವು ಕಡಿಮೆಯಾದುದರಿಂದ ನೀರು 97 ಡಿಗ್ರಿ ಸೆಲ್ಸಿಯಸಿನ ಸುಮಾರಿನಲ್ಲಿಯೇ ಕುದಿಯುತ್ತದೆ. ಅಷ್ಟಿದ್ದರೂ ಚಿಂತೆಯಿಲ್ಲ, ಮಾಂಸದ ನಡುಭಾಗವು 75 ಡಿಗ್ರಿಗೆ ಏರಿದರೆ ಸಾಲ್ಮೊನೆಲ್ಲಾ ಉಳಿಯದು. ಒಳಗಿನ ಅಂಗಗಳನ್ನಾದರೆ ಬಹಳ ಹೊತ್ತು ಕುದಿಸಬೇಕು. ನಮ್ಮನ್ನು ಕೇಳಿದರೆ ಅವನ್ನು ತರದಿರುವುದೇ ಲೇಸು. ಬೇಯಿಸಿದರೆ ಸತ್ತ್ವವೆಲ್ಲ ಹಾಳಾಗುತ್ತದೆಂಬ ಹೆದರಿಕೆಗೆ ಅಷ್ಟು ಆಧಾರವಿಲ್ಲ. ಕೆಲವು ವಿಟಮಿನ್ನುಗಳು ಸ್ವಲ್ಪ ನಷ್ಟವಾಗುವುದುಂಟು. ಬೆಂದ ನೀರನ್ನು ಚೆಲ್ಲದೆ ಅನ್ನಕ್ಕೆ ಕಲಸಿದರೆ ಅದರಲ್ಲಿಯೂ ಬಹುಪಾಲು ಉಳಿಯುತ್ತದೆ. ಬೇಯಿಸಿದ ಮೂಳೆಯನ್ನು ಮಾತ್ರ ಹಾಕಲಾಗದು. ಅದು ಚೂಪಾಗಿ ಸಿಗಿದು ಕರುಳನ್ನು ಚುಚ್ಚುತ್ತದೆ. ಕ್ಯಾಲ್ಸಿಯಮಿಗೆ ರಾಗಿಯೊಂದೇ ಸಾಲದಿದ್ದರೆ ಬೇರೆ ಏನನ್ನು ಎಷ್ಟು ಸೇರಿಸಬೇಕೆಂದು ಪಶುವೈದ್ಯರನ್ನು ಕೇಳಬೇಕು. ಅದು ಭೌತಶಾಸ್ತ್ರದ ಅಧ್ಯಾಪಕರ ಅಧಿಕಾರಕ್ಕೆ ಮೀರಿದ್ದು.

ಹುಡುಗನು ಮೊದಲು ನಾಯಿಗೆ ಪಶುವೈದ್ಯರಿಂದ ಹುಳುವಿನ ಔಷಧಿಯನ್ನು ಹಾಕಿಸಿದನು. ಅನಂತರ ಎರಡು ತಿಂಗಳು, ಅಷ್ಟೇ ತೂಕದ ಕೋಳಿಮಾಂಸವನ್ನು ಮೂಳೆ ತೆಗೆದು ಬೇಯಿಸಿ ಹಾಕಿದನು; ಪ್ರತಿ ಭಾನುವಾರ ಕಾಫಿಯ ತಕ್ಕಡಿಯಲ್ಲಿ ನಾಯಿಯನ್ನು ತೂಗಿ ನೋಟುಪುಸ್ತಕದಲ್ಲಿ ಬರೆದಿಟ್ಟನು. ರೋಮದ ಹೊಳಪು ಹಾಗೆಯೇ ಇದೆ ಎಂದು ಮೊನ್ನೆ ಬಂದು ಹೇಳಿದನು. ಒಂದು ನಾಯಿಯ ಮೇಲೆ ಸಿದ್ಧಾಂತ ಕಟ್ಟಲಾಗದೆಂದು ನಾವು ಹೇಳುವ ಮೊದಲೇ ಅವನೇ ಹೇಳಿದ್ದು ನಮಗೆ ಸಂತೋಷವಾಯಿತು. ಈಗ ಮಾಂಸದ ಅರ್ಧವನ್ನು ಕಡಿಮೆ ಮಾಡಿ ರಾಗಿಯ ಅಂಬಲಿಯನ್ನು ಸೇರಿಸಿ ನೋಡುತ್ತಿದ್ದಾನಂತೆ. ಅವನ ತಾಯಿಯವರ ಷರತ್ತು ಒಂದೇ: ನಾಯಿಯ ಪಾತ್ರೆಯು ಬಚ್ಚಲೊಲೆಯ ಮೇಲೆ ಬೇಯಬೇಕು, ಅಡಿಗೆಮನೆಯ ಹೊಸ್ತಿಲು ದಾಟಕೂಡದು.