ಲೇಖಕನಿಲ್ಲದ ಇರುಳು

ಕಡೂರು ತಾಲ್ಲೂಕಿನ ಸಿಂಗಟಗೆರೆಯಂತಹ ಊರಿನಲ್ಲಿಯೂ ರಾತ್ರಿಯ ಊಟವಾದ ಬಳಿಕ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತುಕೊಳ್ಳುವುದು ಈಗ ವಾಡಿಕೆಯಾಗಿದೆ. ತೆರೆಯ ಮೇಲಣ ನಟನ ಹೆಸರನ್ನು ಮಕ್ಕಳೂ ಬಲ್ಲರು. ಆತನ ಬಾಯಿಗೆ ಮಾತನ್ನಿತ್ತವನ ಹೆಸರನ್ನು ಬಲ್ಲವರು ವಿರಳ. ಆ ಲೇಖಕನು ಲೇಖನಿಯನ್ನು ಕೆಳಗಿಟ್ಟರೆ ಏನಾಗುವುದೆಂಬುದನ್ನು ಅಮೇರಿಕೆಯು ಈ ಶತಮಾನದಲ್ಲಿ ಎರಡು ಸಲ ಕಂಡಿದೆ.

ಅಲ್ಲಿ ನಿರೂಪಕನೊಬ್ಬನು ದಿನದ ಸುದ್ದಿಯನ್ನು ಹಾಸ್ಯಮಾಡಿ ಅತಿಥಿಗಳೊಡನೆ ಸಂಭಾಷಿಸುವ ಕಾರ್ಯಕ್ರಮಗಳು ಸರಿರಾತ್ರಿಯ ಸುಮಾರಿಗೆ ಪ್ರಸಾರವಾಗುತ್ತವೆ. ಅಂದಿನ ಮಾತನ್ನು ಅಂದೇ ಬರೆಯಬೇಕಾದುದರಿಂದ ಮುಷ್ಕರದ ಪೆಟ್ಟು ಮೊದಲು ಇವುಗಳಿಗೇ ತಗಲುವುದು. 2007ನೆಯ ನವೆಂಬರ್ 5ರಂದು ಲೇಖಕರ ಸಂಘವು ಕೆಲಸ ನಿಲ್ಲಿಸಿದೊಡನೆ ಹಳೆಯ ಕಂತುಗಳ ಮರುಪ್ರಸಾರವು ಮೊದಲಾಯಿತು. 2008ನೆಯ ಜನವರಿ 2ರಂದು ಡೇವಿಡ್ ಲೆಟರ್‌ಮನ್ ಎಂಬವರು ಸಂಘದೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಲೇಖಕರ ಸಮೇತ ಮರಳಿದರು. ಲೇಖಕರಿಲ್ಲದೆ ಮರಳಿದ ಕೋನನ್ ಓಬ್ರಯನ್ ಎಂಬವರಾದರೋ ಮದುವೆಯ ಉಂಗುರವನ್ನು ಮೇಜಿನ ಮೇಲೆ ಬುಗುರಿಯಂತೆ ಆಡಿಸಿ ಹೊತ್ತು ಕಳೆಯಬೇಕಾಯಿತು. 2023ನೆಯ ಮೇ 2ರಿಂದ 148 ದಿನ ನಡೆದ ಮುಷ್ಕರದಲ್ಲಿ ಪ್ರಮುಖ ಕಾರ್ಯಕ್ರಮಗಳು ಈ ಸಾಹಸಕ್ಕೂ ಕೈಹಾಕದೆ ಮರುಪ್ರಸಾರದಲ್ಲಿಯೇ ಕಾಲಹರಣ ಮಾಡಿದವು.

ನಮ್ಮ ನಾಡಿಗೆ ಇಂತಹ ಸ್ಥಿತಿಯು ಬಂದುದು ಮುಷ್ಕರದಿಂದಲ್ಲ, 2020ರ ಮಹಾಮಾರಿಯಿಂದ. ಚಿತ್ರೀಕರಣವು ನಿಂತಿತು, ಕನ್ನಡ ವಾಹಿನಿಗಳು ಹಳೆಯ ಕಂತುಗಳನ್ನೂ, ಹಿಂದಿಯಿಂದ ಡಬ್ ಆದ ಮಹಾಭಾರತದಂತಹ ಧಾರಾವಾಹಿಗಳನ್ನೂ ಪ್ರಸಾರಮಾಡಿ ವೇಳೆಯನ್ನು ತುಂಬಿದವು. ಡಬ್ಬಿಂಗಿಗೆ ಒಡ್ಡಿದ್ದ ತಡೆಯು ನ್ಯಾಯವಲ್ಲವೆಂದು ಸ್ಪರ್ಧಾ ಆಯೋಗವು 2015ರಲ್ಲಿಯೇ ತೀರ್ಮಾನಿಸಿತ್ತು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು: ಪರಭಾಷೆಯ ಕೃಷ್ಣನು ಕನ್ನಡ ನುಡಿಯಬೇಕಾದರೂ, ಆತನ ತುಟಿಗೆ ಒಪ್ಪುವ ಕನ್ನಡವನ್ನು ಒಬ್ಬನು ಬರೆಯಲೇಬೇಕು. ಹಳೆಯ ಕಂತೆಂಬುದೂ ಲೇಖಕನ ಹಿಂದಿನ ದುಡಿಮೆಯೇ ಅಲ್ಲವೆ?

ತಾಳಮದ್ದಲೆಯ ಅರ್ಥಧಾರಿಗಳು ಬರೆದ ಸಂಭಾಷಣೆಯಿಲ್ಲದೆಯೇ ಇರುಳೆಲ್ಲ ವಾದಿಸುವರಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆ ವಾದದ ಅಡಿಯಲ್ಲಿ ಪ್ರಸಂಗಕರ್ತನ ಪದ್ಯಗಳಿವೆ, ಅರ್ಥಧಾರಿಯ ಪುರಾಣಜ್ಞಾನವಿದೆ. ಇವೆರಡೂ ಇಲ್ಲದೆ ನಾಲ್ವರನ್ನು ಕೂರಿಸಿ ಕೂಗಾಡಿಸುವ ಸುದ್ದಿವಾಹಿನಿಯ ಚರ್ಚೆಯನ್ನು ಅದಕ್ಕೆ ಹೋಲಿಸುವುದು ಸಲ್ಲದು. ವೇಳೆಯನ್ನು ತುಂಬುವುದು ಬೇರೆ, ಮನಸ್ಸನ್ನು ತುಂಬುವುದು ಬೇರೆ.

ಮರುಪ್ರಸಾರದಿಂದ ಜಾಹೀರಾತಿನ ಹಣವು ವಾಹಿನಿಗೆ ಬರುವುದಾದರೆ, ಬರೆದವನಿಗೂ ಅದರಲ್ಲಿ ಪಾಲಿರಬೇಕು. ಅಮೇರಿಕದ ಲೇಖಕರು ಮರುಬಳಕೆಯ ಸಂಭಾವನೆಗಾಗಿ ಹೋರಾಡುತ್ತ ಬಂದುದು ಈ ನ್ಯಾಯದ ಮೇಲೆಯೇ. ನಮ್ಮಲ್ಲಿ ಶಾಸನವೇ ಆಧಾರವಾಗಿದೆ: 1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಆದ ತಿದ್ದುಪಡಿಯು, ಚಿತ್ರದಲ್ಲಿ ಸೇರಿದ ಕೃತಿಯು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಸಲ್ಲುವ ಗೌರವಧನದ ಹಕ್ಕನ್ನು ಲೇಖಕನು ಪರರಿಗೆ ಬಿಟ್ಟುಕೊಡುವಂತಿಲ್ಲವೆಂದು ವಿಧಿಸಿದೆ. ಆದರೆ ಬಿಡಿಯಾಗಿ ನಿಂತ ಲೇಖಕನು ಕೆಲಸ ತಪ್ಪೀತೆಂಬ ಭಯದಲ್ಲಿ ಹಕ್ಕನ್ನು ಕೇಳಲಾರನು. ಆದುದರಿಂದ ಕನ್ನಡದ ಕಿರುತೆರೆಯ ಲೇಖಕರು ಒಗ್ಗೂಡಿ ಶಾಸನದ ಪಾಲನ್ನು ಕೇಳಬೇಕು. ವಾಹಿನಿಗಳು ಲೇಖಕನ ಹೆಸರನ್ನು ಓದಲಾಗುವಷ್ಟು ಹೊತ್ತು ತೆರೆಯ ಮೇಲೆ ನಿಲ್ಲಿಸಬೇಕು. ಕನ್ನಡವನ್ನು ಬರೆಯುವವನು ಬದುಕದೆ ಕನ್ನಡದ ತೆರೆಯು ಬಹುಕಾಲ ಬೆಳಗದೆಂಬುದು ನಮ್ಮ ದೃಢವಾದ ಅಭಿಪ್ರಾಯ.