ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆ

ಚಳಿಗಾಲದ ರಾತ್ರಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಬಳಿಯಲ್ಲಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿ ಆಗಾಗ ಕೇಳಿಬರುತ್ತದೆ. ಹೊಗೆ ಕಾಣಲಿಲ್ಲ, ವಾಸನೆ ಹೊಡೆಯಲಿಲ್ಲ; ಪ್ರಾಣ ಹೋದುದಾದರೂ ಹೇಗೆ?

ಇದಕ್ಕೆ ಉತ್ತರವಿರುವುದು ಶ್ವಾಸಕೋಶದಲ್ಲಿ. ಅಲ್ಲಿರುವ 30 ಕೋಟಿಗೂ ಮಿಕ್ಕ ಪುಟ್ಟ ಗಾಳಿಗೂಡುಗಳನ್ನು ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳು ಬಲೆಯಂತೆ ಸುತ್ತಿಕೊಂಡಿವೆ. ಗಾಳಿಗೂ ರಕ್ತಕ್ಕೂ ನಡುವಣ ತೆರೆ, ಬಹುಭಾಗದಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದುದು. ವಾಯುವು ತನ್ನ ಒತ್ತಡ ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ಸಾಗುವುದು ಸಹಜ. ಆದುದರಿಂದ ಆಮ್ಲಜನಕವು ರಕ್ತಕ್ಕಿಳಿಯುತ್ತದೆ, ಅಂಗಾರಾಮ್ಲವಾಯು ಹೊರಬೀಳುತ್ತದೆ. ಕೆಂಪು ಕಣವೊಂದು ಅಲ್ಲಿ ತಂಗುವುದು ಸುಮಾರು ಮುಕ್ಕಾಲು ಸೆಕೆಂಡು. ಅಷ್ಟರೊಳಗೆ ಈ ಕೊಡುಕೊಳ್ಳುವಿಕೆ ಮುಗಿದಿರುತ್ತದೆ.

ಆಮ್ಲಜನಕವನ್ನು ಹೊತ್ತೊಯ್ಯುವುದು ಕೆಂಪು ಕಣದೊಳಗಿನ ಹೀಮೋಗ್ಲೋಬಿನ್. ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದೇ ತೆರೆಯನ್ನು ದಾಟಿ ಬಂದು, ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅದರ ಸ್ಥಾನವನ್ನಾಕ್ರಮಿಸುತ್ತದೆ. ಉಸಿರು ಆಡುತ್ತಲೇ ಇರುತ್ತದೆ. ದೇಹ ಮಾತ್ರ ಆಮ್ಲಜನಕವಿಲ್ಲದೆ ಸೊರಗುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನನು ಈ ವಾಯುವನ್ನು ತಾನೇ ಸೇವಿಸಿ, ಅದರ ಪರಿಣಾಮಗಳನ್ನು 1895ರಲ್ಲಿ ಪ್ರಕಟಿಸಿದನು. ರಕ್ತದ ಅರ್ಧದಷ್ಟು ಹೀಮೋಗ್ಲೋಬಿನ್ ಅದರ ವಶವಾಗುವಷ್ಟರಲ್ಲಿ ಅವನಿಗೆ ನಿಲ್ಲುವುದೂ ಕಷ್ಟವಾಗಿತ್ತು.

ನಿದ್ರಿಸುತ್ತಿರುವವರಿಗೆ ಇದರ ಸುಳಿವೇ ಸಿಗದು. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆಗಳೇ ಮುನ್ಸೂಚನೆ. ಕೂಡಲೆ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು ವೈದ್ಯರ ನೆರವು ಪಡೆಯಬೇಕು. ಬಾಣಂತಿಯ ಕೋಣೆಯಾಗಲಿ, ಮುದುಕರ ಕೋಣೆಯಾಗಲಿ, ದೀಪವಾರಿಸುವ ಮುನ್ನ ಕೆಂಡವನ್ನು ಮನೆಯ ಹೊರಗಿಡುವುದೇ ಲೇಸು. ಚಳಿಗೆ ಇನ್ನೊಂದು ಕಂಬಳಿ ಸಾಕು.