ಫಾರ್ಮ್ ಅಂದ್ರೆ ಎಂತದು ಮಾರಾಯ?

ಭಾಗ 1

ಇದು ಉದ್ದ ಇದೆ. ಒಂದು ಕ್ಯಾಪ್ಶನ್‌ಗೆ ಹಿಡಿಸಲ್ಲ, ಅದಕ್ಕೇ ಭಾಗ ಮಾಡಿ ಹಾಕ್ತಿದೀನಿ. ಫೋಟೊ ನೋಡಿ ಲೈಕ್ ಒತ್ತಿ ಹೋಗೋರು ಹೋಗಿ, ಬೇಜಾರಿಲ್ಲ. ಫೋಟೊ ನಮ್ಮ ಅತ್ತಿಗುಂಡಿಯ ಗ್ರೌಂಡಿಂದು. ಗೋಲ್‌ಪೋಸ್ಟ್ ಎಲ್ಲಿ ಅಂತ ಕೇಳ್ಬೇಡಿ, ಮಂಜಿನ ಹಿಂದೆ ಇದೆ. ಆಗಸ್ಟಲ್ಲಿ ಇಲ್ಲಿ ಅಷ್ಟೇ.

2025ರ ಆಗಸ್ಟಲ್ಲಿ ಒಂದು ರಾತ್ರಿ ಕ್ಲಾಸ್ ಗ್ರೂಪಲ್ಲಿ ಬಿಎಫ್‌ಸಿ ಜಗಳ ನೋಡಿದ್ರಲ್ಲ. ಬೆಳಿಗ್ಗೆ ಬಸ್ಸಲ್ಲಿ ಕೈಮರ ದಾಟಿ ನೆಟ್‌ವರ್ಕ್ ಬಂದ ತಕ್ಷಣ ಫೋನು ಹತ್ತು ನಿಮಿಷ ಕುಣೀತು. ಶಿವಶಕ್ತಿ ವೇಸ್ಟ್, ಬಿಟ್ಟುಬಿಡಿ. ರೋಷನ್ ಓವರ್‌ರೇಟೆಡ್. ಛೆಟ್ರಿ ಮರ್ಯಾದೆಯಿಂದ ಹೋಗಬೇಕು. ವಿನೀತ್ ಮುಂದಿನ ಛೆಟ್ರಿ, ಬರೆದಿಟ್ಕೊಳ್ಳಿ. ಎಲ್ಲರೂ ಜಡ್ಜ್‌ಗಳೇ. ಕೋರ್ಟಲ್ಲಾದ್ರೂ ತೀರ್ಪಿಗೆ ಮುಂಚೆ ಸಾಕ್ಷಿ ಕೇಳ್ತಾರೆ.

ಒಂದು ವಿಷಯ ಯಾರೂ ಹೇಳ್ಲಿಲ್ಲ. ಆಗ ಆಟವೇ ಇರ್ಲಿಲ್ಲ. 2025ರ ಜುಲೈಯಲ್ಲಿ ಐಎಸ್‌ಎಲ್ ತಡೆಹಿಡಿದ್ರು. 2010ರಲ್ಲಿ ಫುಟ್‌ಬಾಲ್ ಫೆಡರೇಶನ್ ಮಾಡ್ಕೊಂಡ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯೋದಿತ್ತು, ಮುಂದೆ ಏನು ಅಂತ ತೀರ್ಮಾನ ಆಗಿರ್ಲಿಲ್ಲ. ಆ ಆಗಸ್ಟ್ ಮೊದಲಲ್ಲಿ ನಮ್ಮ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರು, ಸಿಬ್ಬಂದಿ ಎಲ್ಲರ ಸಂಬಳವನ್ನ ಅನಿರ್ದಿಷ್ಟ ಕಾಲ ನಿಲ್ಲಿಸಿತ್ತು. ಸಂಬಳ ಇಲ್ಲದೆ, ಮ್ಯಾಚ್ ಇಲ್ಲದೆ ಮನೇಲಿ ಕೂತಿದ್ದ ಹುಡುಗನ ಫಾರ್ಮ್ ಬಗ್ಗೆ ನೀವು ರಾತ್ರಿ ಒಂದು ಗಂಟೆವರೆಗೂ ಹೊಡೆದಾಡಿದ್ರಿ.

ಭಾಗ 2

ಬಿಕಾಂ ಓದೋರು ನಾವು. ಕಾಸ್ಟಿಂಗ್ ಪೇಪರಲ್ಲಿ ಒಟ್ಟು ಖರ್ಚು ಮಾತ್ರ ಬರೆದು, ಎಷ್ಟು ಯೂನಿಟ್ ಮಾಡಿದ್ರು ಅಂತ ಬರೀದೇ ಇದ್ರೆ ಮಾರ್ಕ್ಸ್ ಕೊಡ್ತಾರಾ? ಫುಟ್‌ಬಾಲಿಗೆ ಬಂದಾಗ ಮಾತ್ರ ಅದೇ ತಪ್ಪು. ಒಬ್ಬ 1,800 ನಿಮಿಷ ಆಡಿ 6 ಗೋಲು ಹೊಡೆದ ಅಂತಿಟ್ಕೊಳ್ಳಿ. ಇನ್ನೊಬ್ಬ ಬೆಂಚಿಂದ ಎದ್ದು ಬಂದು ಹತ್ತು, ಹದಿನೈದು ನಿಮಿಷ ಅಂತ ಒಟ್ಟು 300 ನಿಮಿಷ ಆಡಿ 1 ಗೋಲು. ನಿಮ್ಮ ಪ್ರಕಾರ ಮೊದಲನೆಯವನು ಹೀರೊ, ಎರಡನೆಯವನು ವೇಸ್ಟ್. ಭಾಗಾಕಾರ ಮಾಡಿ ನೋಡಿ. ಇಬ್ಬರದ್ದೂ 300 ನಿಮಿಷಕ್ಕೊಂದು.

ಅದೂ ಸಾಲದು. ಮೊದಲನೆಯವನು ದಣಿಯದ ತಂಡದ ಜೊತೆ ಶುರು ಮಾಡಿರ್ತಾನೆ. ಎರಡನೆಯವನನ್ನ ಇಳಿಸೋದೇ ಟೀಮ್ 2–0 ಸೋಲ್ತಿರುವಾಗ, ಎದುರಾಳಿ ಹತ್ತು ಜನ ಹಿಂದೆ ನಿಂತು ಬಾಗಿಲು ಹಾಕ್ಕೊಂಡಾಗ. ಈ ವ್ಯತ್ಯಾಸ ಗೋಲಿನ ಲಿಸ್ಟಲ್ಲಿ ಕಾಣಲ್ಲ.

ನಾನು ಕೇಳ್ತಿರೋದು ಇಷ್ಟೇ. ಒಬ್ಬನನ್ನ ಬೈಯೋ ಮುಂಚೆ ಎಷ್ಟು ನಿಮಿಷ ಆಡಿದ, ಯಾವ ಜಾಗದಲ್ಲಿ ಆಡಿದ, ಅವನಿಗೆ ಚೆಂಡು ಕೊಡೋನು ಯಾರಿದ್ದ, ಇದನ್ನ ನೋಡಿ. ನೋಡಿಯೂ ಬೈಯಬೇಕು ಅನ್ಸಿದ್ರೆ ಧಾರಾಳವಾಗಿ ಬೈಯಿರಿ.

ಭಾಗ 3

ಶಿವಶಕ್ತಿ ಕೇಸನ್ನೇ ತಗೊಳ್ಳೋಣ, ಜಾಸ್ತಿ ಉಗಿಸ್ಕೊಂಡಿದ್ದು ಅವನೇ.

ತಮಿಳುನಾಡಿನ ಕಂಡನೂರು ಅನ್ನೋ ಊರಿನ ಹುಡುಗ. 2022ರಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಗೋಲು ಹೊಡೆದ, ಕಪ್ ನಮ್ಮದಾಯ್ತು. ಆ ಸೀಸನ್ ಐಎಸ್‌ಎಲ್‌ನಲ್ಲಿ 6 ಗೋಲು. ಶುರುವಲ್ಲಿ ಮುಳುಗಿಹೋಗಿದ್ದ ಟೀಮು ಲೀಗಿನ ಕೊನೇಲಿ ಸಾಲಾಗಿ 8 ಮ್ಯಾಚ್ ಗೆದ್ದು ಪ್ಲೇಆಫಿಗೆ ಹೋಯ್ತಲ್ಲ, ಆಗ ಛೆಟ್ರಿಯನ್ನ ಬೆಂಚಲ್ಲಿ ಕೂರಿಸಿ ಮುಂದೆ ನಿಲ್ಲಿಸಿದ್ದು ಇವನನ್ನ, ರಾಯ್ ಕೃಷ್ಣನ ಜೊತೆ. ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಇವನಿಗೇ. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ರೋಷನ್ ಸಿಂಗ್‌ಗೆ. ಅಂದ್ರೆ ಎರಡು ವರ್ಷ ಸಾಲಾಗಿ ಇಡೀ ದೇಶದ ಲೀಗಲ್ಲಿ ಅತ್ಯುತ್ತಮ ಹೊಸ ಹುಡುಗ ನಮ್ಮ ಟೀಮಲ್ಲೇ ಇದ್ದ. ಆಗ ನಿಮ್ಮಲ್ಲಿ ಅರ್ಧ ಜನ ಇವರಿಬ್ಬರ ಫೋಟೊನ ಡಿಪಿಗೆ ಹಾಕಿದ್ರಿ. ಸ್ಕ್ರೀನ್‌ಶಾಟ್ ಇದೆ, ಹಾಕಲ್ಲ.

2023–24ರಲ್ಲಿ 12 ತಂಡಗಳಲ್ಲಿ ನಾವು 10ನೇ ಸ್ಥಾನ. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಗೆ ಹೋದ. ಜಿಂಗನ್ ಗೋವಾಗೆ ಹೋದ. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ವಿರುದ್ಧ 4–0 ಸೋತ ಮೇಲೆ ಕೋಚ್ ಸೈಮನ್ ಗ್ರೇಸನ್‌ರನ್ನೂ ಕಳಿಸಿದ್ರು, ಝರಗೋಝಾ ಬಂದ್ರು. ಜೊತೆಗಾರ ಹೋದ, ಹಿಂದಿನ ಗೋಡೆ ಹೋಯ್ತು, ಪಾಠ ಹೇಳೋ ಮೇಷ್ಟ್ರು ವರ್ಷದ ಮಧ್ಯೆ ಬದಲಾದ್ರು. ಪರೀಕ್ಷೇಲಿ ಫೇಲ್ ಆಗಿದ್ದಕ್ಕೆ ಮಾತ್ರ ಹುಡುಗನ ತಲೆ ಸರಿ ಇಲ್ಲ ಅನ್ನೋದು ಯಾವ ನ್ಯಾಯ?

ಅವನ ತಪ್ಪೇ ಇಲ್ಲ ಅಂತಲೂ ಹೇಳ್ತಿಲ್ಲ. ಮೊದಲ ಟಚ್ ಕೆಲವು ಸಲ ಮೂರು ಅಡಿ ಮುಂದೆ ಹೋಗುತ್ತೆ, ನಾನೂ ತಲೆ ಚಚ್ಕೊಂಡಿದೀನಿ. ಆದ್ರೆ ಇಪ್ಪತ್ತೊಂದಕ್ಕೆ ಆಡಿ ತೋರಿಸಿದ್ದನ್ನ ಇಪ್ಪತ್ನಾಲ್ಕಕ್ಕೆ ಮರೆತುಬಿಟ್ಟ ಅಂತ ಷರಾ ಬರೆಯೋಕೆ ನಮಗೆ ಇಷ್ಟು ಆತುರ ಯಾಕೆ?

ಭಾಗ 4

ಈಗ ಛೆಟ್ರಿ. ಬೈಯೋರೂ ಸಿಟ್ಟಾಗಬೇಡಿ, ಭಕ್ತರೂ ಸಿಟ್ಟಾಗಬೇಡಿ.

10ನೇ ಸ್ಥಾನದ ಆ ವರ್ಷ ಲೀಗಲ್ಲಿ ಅವರದ್ದು 5 ಗೋಲು. 2024ರ ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಮ್ಯಾಚ್ ಆಡಿ ದೇಶದ ತಂಡಕ್ಕೂ ವಿದಾಯ ಹೇಳಿದ್ರು. ಗ್ರೂಪಲ್ಲಿ ಅವತ್ತು ಎಲ್ಲರೂ ಅಳೋ ಸ್ಟಿಕರ್ ಹಾಕಿ, ಬೆಳಿಗ್ಗೆ ಎದ್ದು "ಕ್ಲಬ್ಬಿಂದಲೂ ಹೋದ್ರೆ ಚೆನ್ನಾಗಿತ್ತು" ಅಂದ್ರಿ. ಮುಂದಿನ ಸೀಸನ್ ಎಷ್ಟು? 14. ನಲವತ್ತನೇ ವಯಸ್ಸಲ್ಲಿ.

ಡಿಸೆಂಬರ್ 7ರ ಕೇರಳ ಮ್ಯಾಚಿಗೆ ನಾವು ನಾಲ್ಕು ಜನ ಚಿಕ್ಕಮಗಳೂರಿಂದ ಕೆಂಪು ಬಸ್ಸಲ್ಲಿ ಹೋಗಿದ್ವಿ. ಅಪ್ಪನಿಗೆ ಸೆಮಿನಾರ್ ಅಂತ ಹೇಳಿ. (ಅಪ್ಪ ಇನ್‌ಸ್ಟಾದಲ್ಲಿ ಇಲ್ಲ, ನೀವೂ ಬಾಯಿ ಬಿಡಬೇಡಿ.) ಎಂಟನೇ ನಿಮಿಷಕ್ಕೇ ಛೆಟ್ರಿ ಹೆಡರ್, ಆಮೇಲೆ ರಯಾನ್ ವಿಲಿಯಮ್ಸ್ ಒಂದು, 2–0. ಸೆಕೆಂಡ್ ಹಾಫಲ್ಲಿ ಕೇರಳದವರು ಎರಡೂ ವಾಪಸ್ ಹೊಡೆದ್ರು. ಆಗ ನಮ್ಮ ಹಿಂದಿನ ಸಾಲಲ್ಲಿ ಒಬ್ಬ ಗಂಟಲು ಹರಿಯೋ ಹಾಗೆ ಕೂಗ್ತಿದ್ದ: ಮುದುಕನ್ನ ಹೊರಗೆ ಕರೀರಿ, ಓಡೋಕಾಗಲ್ಲ. 73ನೇ ನಿಮಿಷಕ್ಕೆ ಆ ಮುದುಕ ಎರಡನೇದು ಹೊಡೆದ್ರು. ಇಂಜುರಿ ಟೈಮಿನ ಕೊನೇಲಿ ಮೂರನೇದು. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ. ತಿರುಗಿ ನೋಡಿದ್ರೆ ಹಿಂದಿನವನು ಕುರ್ಚಿ ಮೇಲೆ ನಿಂತು ಅವರ ಹೆಸರನ್ನೇ ಕೂಗ್ತಾ ಇದ್ದ, ಐದು ನಿಮಿಷದ ಹಿಂದಿನ ಮಾತು ತನ್ನದಲ್ಲ ಅನ್ನೋ ಹಾಗೆ. ಆ ಮುಖ ನನಗೆ ಚೆನ್ನಾಗಿ ನೆನಪಿದೆ. ಯಾಕಂದ್ರೆ ಅದರಲ್ಲಿ ನಮ್ಮ ಇಡೀ ಗ್ರೂಪು ಕಾಣಿಸ್ತು.

ಈಗ ಭಕ್ತರಿಗೆ. ಛೆಟ್ರಿ 2025ರ ಮಾರ್ಚಲ್ಲಿ ನಿವೃತ್ತಿ ವಾಪಸ್ ತಗೊಂಡು ಶಿಲ್ಲಾಂಗಲ್ಲಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದಾಗ ನಾವೆಲ್ಲ ಕುಣಿದ್ವಿ. ಕುಣಿಯೋ ವಿಷಯವಾ ಅದು? ಇಷ್ಟು ದೊಡ್ಡ ದೇಶಕ್ಕೆ ಗೋಲು ಹೊಡೆಯೋಕೆ ನಿವೃತ್ತರನ್ನ ಮನೆಯಿಂದ ಕರೆಸಬೇಕಾಯ್ತು. ಯಾಕೆ ಅಂತ ಕೇಳಿದ್ರೆ "ಹುಡುಗರಲ್ಲಿ ಪೊಟೆನ್ಶಿಯಲ್ ಇಲ್ಲ" ಅಂತೀರ. ಐಎಸ್‌ಎಲ್‌ನಲ್ಲಿ ಒಂದು ತಂಡ ನಾಲ್ಕು ವಿದೇಶಿಯರನ್ನ ಮೈದಾನಕ್ಕಿಳಿಸಬಹುದು. ಆ ನಾಲ್ಕರಲ್ಲಿ ಒಬ್ಬ ಹೆಚ್ಚುಕಡಿಮೆ ಯಾವಾಗಲೂ ಸ್ಟ್ರೈಕರ್. ಏಪ್ರಿಲ್ 12ರ ಫೈನಲ್ ನೆನಪಿಸ್ಕೊಳ್ಳಿ. ನಾವು 1–0 ಮುಂದಿದ್ವಿ. ಮೋಹನ್ ಬಗಾನ್ ಪರ ಪೆನಾಲ್ಟಿ ಹೊಡೆದು ಸಮ ಮಾಡಿದ್ದು ಜೇಸನ್ ಕಮಿಂಗ್ಸ್, ಎಕ್ಸ್‌ಟ್ರಾ ಟೈಮಲ್ಲಿ ಮುಗಿಸಿದ್ದು ಜೇಮಿ ಮೆಕ್ಲಾರೆನ್. ಇಬ್ಬರೂ ಆಸ್ಟ್ರೇಲಿಯಾದವರು. ನಮ್ಮ ರಯಾನ್ ಕೂಡ ಪರ್ತ್ ಊರಿನವನೇ, ಅವನ ಓಟ ನನಗೆ ಇಷ್ಟ, ದೂರೇನಿಲ್ಲ. ಆದ್ರೆ ವಿದೇಶಿಯರ ಸಾಲಿನ ಹಿಂದೆ, ಆಮೇಲೆ ಛೆಟ್ರಿ ಹಿಂದೆ, ಮೂರನೆಯವನಾಗಿ ನಿಂತ ಹುಡುಗನಿಗೆ ಉಳಿಯೋದು ಎಷ್ಟು ನಿಮಿಷ? ಕೋಪ ಇದ್ರೆ ಅದನ್ನ ಕೇಳಿ, ಕೋಚನ್ನ ಕೇಳಿ, ಕ್ಲಬ್ಬನ್ನ ಕೇಳಿ. ಬೆಂಚಲ್ಲಿ ಕೂತವನ ಕಾಮೆಂಟ್ ಬಾಕ್ಸಿಗೆ ಹೋಗಿ ಉಗಿಯೋದು ಸುಲಭ, ಅದಕ್ಕೇ ಅಲ್ಲಿ ಹೋಗ್ತೀರ.

ಭಾಗ 5

ನಿಮ್ಮ ಕಡೆ ವಾದಿಸೋಕೆ ಒಂದು ಒಳ್ಳೆ ಹೆಸರಿದೆ, ಅವತ್ತು ಯಾರಿಗೂ ಹೊಳೀಲಿಲ್ಲ. ಉದಾಂತ ಸಿಂಗ್. 2014ರಲ್ಲಿ ಬಂದ, 2023ರಲ್ಲಿ ಗೋವಾಗೆ ಹೋದ. ಒಂಬತ್ತು ವರ್ಷ ನಾವು "ಮುಂದಿನ ವರ್ಷ ನೋಡಿ" ಅಂತಾನೇ ಇದ್ವಿ. ಗಾಳಿ ಹಾಗೆ ಓಡ್ತಿದ್ದ, ಕೊನೆ ಪಾಸು ಗ್ಯಾಲರಿಗೆ. ಅವನಿಗೆ ನಿಮಿಷ ಕಡಿಮೆ ಇತ್ತು ಅಂತ ನಾನೂ ಹೇಳಲಾರೆ. ಅಂದ್ರೆ ಕಾದ್ರೆ ಎಲ್ಲರೂ ಹಣ್ಣಾಗ್ತಾರೆ ಅನ್ನೋದು ಸುಳ್ಳು, ಒಪ್ಪಿದೆ. ಆದ್ರೆ ಗಮನಿಸಿ, ಉದಾಂತನ ಬಗ್ಗೆ ನಾವು ಹೀಗೆ ಧೈರ್ಯವಾಗಿ ಮಾತಾಡೋಕೆ ಆಗ್ತಿರೋದೇ ಅವನು ಅಷ್ಟು ಆಡಿದ್ದಕ್ಕೆ.

ವಿನೀತ್ ವೆಂಕಟೇಶ್ ವಿಷಯದಲ್ಲೂ ನನಗೆ ಹೆದರಿಕೆ ಇದೆ. ಹತ್ತೊಂಬತ್ತರ ಬೆಂಗಳೂರು ಹುಡುಗ, 2024ರ ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ವಿರುದ್ಧ ಒಂದೇ ಗೋಲು, ಅದರಿಂದ ಗೆದ್ವಿ. ಅವತ್ತೇ ಮುಂದಿನ ಛೆಟ್ರಿ ಅಂತ ಪಟ್ಟ ಕಟ್ಟಿದ್ರಿ. ಈ ಪಟ್ಟ ಕಟ್ಟೋರೇ ಎರಡು ವರ್ಷ ಬಿಟ್ಟು ಕಲ್ಲು ಹೊಡೆಯೋರು. ಶಿವಶಕ್ತಿಗೂ ಮೊದಲು ಹೂವೇ ಬಂದಿದ್ದು.

ಅಪ್ಪನದ್ದು ಎರಡೆಕರೆ ಕಾಫಿ, ಅರೇಬಿಕಾ. ಒಂದು ವರ್ಷ ಗಿಡ ಬಗ್ಗೋ ಹಾಗೆ ಹಣ್ಣು ಬಿಟ್ರೆ ಮುಂದಿನ ವರ್ಷ ಸಪ್ಪೆ. ಕಾಫಿ ಮನೆಯಲ್ಲಿ ಹುಟ್ಟಿದ ನಿಮಗೆಲ್ಲ ಇದು ಗೊತ್ತು. ಹಳೇ ರೆಕ್ಕೆ ಹಣ್ಣು ಹೊತ್ತು ಸುಸ್ತಾಗಿರುತ್ತೆ, ಹೊಸ ರೆಕ್ಕೆ ಬಲೀಬೇಕು. ಸಪ್ಪೆ ವರ್ಷ ಅಪ್ಪ ಗಿಡ ಕೀಳಲ್ಲ. ಚಿಗುರು ತೆಗೀತಾರೆ, ನೆರಳು ಕಡೀತಾರೆ, ಗೊಬ್ಬರಕ್ಕೆ ಸೊಸೈಟೀಲಿ ಸಾಲ ತರ್ತಾರೆ, ಬೈಗುಳ ಎಲ್ಲ ಮಳೆಗೆ. ಕೀಳೋದೂ ಇದೆ. ಬೋರರ್ ಹುಳ ಕಾಂಡದೊಳಗೆ ಹೊಕ್ಕ ಗಿಡವನ್ನ ಮುಲಾಜಿಲ್ಲದೆ ಕಿತ್ತು ಸುಡ್ತಾರೆ. ಆದ್ರೆ ಮೊದಲು ಬಗ್ಗಿ ಕಾಂಡದ ಮೇಲಿನ ಏರು ಮುಟ್ಟಿ ನೋಡ್ತಾರೆ. ರಸ್ತೇಲಿ ಜೀಪಲ್ಲಿ ಗಿರಿಗೆ ಹೋಗ್ತಾ ತೋಟ ನೋಡಿ ತೀರ್ಮಾನ ಮಾಡಲ್ಲ.

ಭಾಗ 6

ಇದನ್ನ ಬರೀಬಾರ್ದು ಅಂದ್ಕೊಂಡಿದ್ದೆ. ಐದು ಭಾಗ ನಿಮಗೆ ಬೈದು ಇದನ್ನ ಮುಚ್ಚಿಟ್ರೆ ನಾನು ಎಂತ ಮನುಷ್ಯ ಅಂತ ಬರೀತಿದೀನಿ.

ಫೆಬ್ರವರಿಯಲ್ಲಿ ಟೌನಿನ ಒಂದು ಟೂರ್ನಮೆಂಟ್. ನಮ್ಮೂರ ಟೀಮು ಸೆಮಿಫೈನಲ್‌ಗೆ ಬಂದಿತ್ತು, ಅದೇ ಮೊದಲು. ಪೆನಾಲ್ಟಿಗೆ ಹೋಯ್ತು. ಕೊನೇದನ್ನ ಹೊಡೆದಿದ್ದು ನಮ್ಮ ಲೈನಿನ ಪಿಯುಸಿ ಹುಡುಗ. ಹೆಸರು ಬೇಡ. ಚೆಂಡು ಬಾರಿನ ಮೇಲೆ ಹೋಗಿ ಆ ಕಡೆ ಚರಂಡಿಗೆ ಬಿತ್ತು. ನಾನು ಸೈಡಲ್ಲಿ ನಿಂತು ವಿಡಿಯೊ ಮಾಡ್ತಿದ್ದೆ. ಗೆದ್ರೆ ಹಾಕೋಣ ಅಂತಲೇ ತೆಗ್ದಿದ್ದು. ಸೋತ್ವಿ. ಬಸ್ಸಲ್ಲಿ ಬರ್ತಾ ಅದಕ್ಕೆ ಒಂದು ಕಾಮಿಡಿ ಸೌಂಡ್ ಸೇರಿಸಿ, ಚರಂಡಿ ಹತ್ರ ಸ್ಲೋ ಮೋಷನ್ ಮಾಡಿ, ರೀಲ್ ಹಾಕ್ದೆ. ನನ್ನ ಯಾವ ರೀಲಿಗೂ ಅಷ್ಟು ವ್ಯೂಸ್ ಬಂದಿರ್ಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ನನ್ನನ್ನ ಫಾಲೋ ಮಾಡಿದ್ದೇ ಅದನ್ನ ನೋಡಿ.

ಅದೇ ಟೂರ್ನಮೆಂಟಲ್ಲಿ ನಮ್ಮ ಟೀಮು ಒಟ್ಟು 7 ಗೋಲು ಹೊಡೆದಿತ್ತು. ಅದರಲ್ಲಿ 4 ಅವನದ್ದು. ಅದರ ವಿಡಿಯೊನೂ ನನ್ನ ಫೋನಲ್ಲಿ ಇತ್ತು. ಹಾಕ್ಲಿಲ್ಲ. ಯಾಕೆ ಅಂತ ಈಗ ಯೋಚಿಸಿದ್ರೆ ಉತ್ತರ ಸಿಂಪಲ್: ಅದಕ್ಕೆ ಯಾರೂ ನಗ್ತಿರ್ಲಿಲ್ಲ.

ಅವನು ಆಮೇಲೆ ಗ್ರೌಂಡಿಗೆ ಬರ್ಲಿಲ್ಲ. ಮೊದಲು ಪರೀಕ್ಷೆ ಅಂದ. ಪರೀಕ್ಷೆ ಮುಗೀತು. ಆಮೇಲೆ ಮಂಡಿ ನೋವು ಅಂದ. ಜೂನಲ್ಲಿ ಅವನ ಬೂಟು ಅವನ ತಮ್ಮನ ಕಾಲಲ್ಲಿ ನೋಡಿದೆ, ಎರಡು ಸೈಜ್ ದೊಡ್ಡದು, ಮುಂದೆ ಪೇಪರ್ ತುರುಕಿದ್ದ. ಬಿಎಫ್‌ಸಿ ಆಟಗಾರರಿಗೆ ನಮ್ಮ ಕಾಮೆಂಟ್ ತಲುಪುತ್ತೋ ಇಲ್ವೋ, ಯಾರಿಗೆ ಗೊತ್ತು. ಇವನಿಗೆ ಮಾತ್ರ ಪೂರ್ತಿ ತಲುಪಿತ್ತು. ಬಸ್‌ಸ್ಟಾಪಲ್ಲಿ ಹುಡುಗರು ಅವನನ್ನ "ಚರಂಡಿ" ಅಂತ ಕರೀತಿದ್ರು, ನಾನು ಪಕ್ಕದಲ್ಲೇ ನಿಂತು ನಗ್ತಿದ್ದೆ.

ಆ ರೀಲ್ ನಿನ್ನೆ ಡಿಲೀಟ್ ಮಾಡ್ದೆ. ಡೌನ್‌ಲೋಡ್ ಮಾಡ್ಕೊಂಡವರು ದಯವಿಟ್ಟು ಮತ್ತೆ ಹಾಕ್ಬೇಡಿ. ಈ ಪೋಸ್ಟಿನ ಕೊನೇ ಸ್ಲೈಡಲ್ಲಿ ಅವನ ನಾಲ್ಕು ಗೋಲು ಇದೆ, ಹಿಂದೆ ಮ್ಯೂಸಿಕ್ ಇಲ್ಲ, ಬರೀ ಗಾಳಿ ಸದ್ದು. ಮೂರನೇದನ್ನ ಎರಡು ಸಲ ನೋಡಿ, ಎಡಗಾಲು ಅದು.

ಅವನ ಮನೆಗೆ ಹೋಗಿದ್ದೆ. ಒಳಗೆ ಕರೀಲಿಲ್ಲ, ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ. ಭಾನುವಾರ ನಾಲ್ಕು ಗಂಟೆಗೆ ಆಡ್ತೀವಿ, ಮಳೆ ಇದ್ರೂ ಆಡ್ತೀವಿ ಅಂದೆ. "ನೋಡ್ತೀನಿ" ಅಂದ. ತಮ್ಮ ಹಿಂದಿನಿಂದ ಬೂಟು ತನ್ನದು ಅಂತ ಕೂಗ್ದ.

ನನ್ನದು ಅವನ ಸೈಜೇ. ಒಂದು ಜೊತೆ ಜಾಸ್ತಿ ತರ್ತೀನಿ.